ನಮ್ಮ ಕಡೆಯ ಶೆಲ್ಲು

"ನನ್ನ ಮಗನ್ನ ಕೊಂದಿದ್ದು ಶತ್ರು ಅಲ್ವಂತೆ, ನಿಮ್ಮ ಫಿರಂಗೀನಂತೆ. ನಿಜವಾ ಲಕ್ಷ್ಮಣಾ?"

ಮುನಿರತ್ನಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ರಜೆಗೆಂದು ಊರಿಗೆ ಬಂದಿದ್ದ ಫಿರಂಗಿ ದಳದ ಲಕ್ಷ್ಮಣಪ್ಪ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದುನಿಂತ. ಅವಳ ಮಗ ಸುಬ್ರಮಣಿ ಕಾರ್ಗಿಲ್ ಬೆಟ್ಟದಲ್ಲಿ ಸತ್ತು ವರ್ಷವಾಗಿತ್ತು. ಅವತ್ತು ಸಾಯಂಕಾಲ ತಮಿಳು ಸೀಮೆಗೆ ಸೇರಿದ ರಾಯಕೋಟೆಯ ಬಸ್ ನಿಲ್ದಾಣದ ಎದುರು ಅವನ ಹೆಸರಿನ ಕಲ್ಲು ತೆರೆಯುವುದಿತ್ತು. ಅದಕ್ಕೆಂದು ಬಂದಿದ್ದ ಅವನ ಜೊತೆಗಾರ ಸಿಪಾಯಿಯೊಬ್ಬ, ತಾಯಿಗೆ ಗೊತ್ತೇ ಇದೆ ಎಂದುಕೊಂಡು ಈ ಮಾತು ಆಡಿಬಿಟ್ಟಿದ್ದ.

"ನಿಜಾನೇ ಅಕ್ಕಾ. ಆ ಬೆಟ್ಟಕ್ಕೆ ಶೆಲ್ ಹಾಕ್ತಿದ್ದಿದ್ದು ನಾವೇ."

"ಕಣ್ಣು ಕಾಣಿಸ್ತಿರಲಿಲ್ವೇನ್ಲಾ ನಿಮ್ಗೆ?"

"ಕಾಣ್ಸಲ್ಲ ಅಕ್ಕಾ. ನಾವಿರೋದು ಎಷ್ಟೋ ಮೈಲಿ ಹಿಂದೆ, ಬೆಟ್ಟದ ಈಚೆ. ಮುಂದಿರೋರು ರೇಡಿಯೋದಲ್ಲಿ ಹೇಳ್ದಂಗೆ ಹಾರಿಸ್ತೀವಿ. ತುದೀಲಿ ಕೂತಿರೋ ಶತ್ರು ತಲೆ ಎತ್ತಿದ್ರೆ, ಕೆಳಗಿಂದ ಹತ್ತೋ ನಮ್ಮ ಹುಡುಗ್ರು ಒಬ್ರೂ ಉಳಿಯಲ್ಲ. ಅವ್ನು ತಲೆ ಎತ್ತದಂಗೆ ನಾವು ಶೆಲ್ ಸುರೀತಾನೇ ಇರ್ಬೇಕು, ಅದರ ಬೆನ್ನಿಗೇ ಇವ್ರು ಹತ್ತಬೇಕು. ದೂರ ಉಳಿದ್ರೆ, ನಾವು ನಿಲ್ಸಿ ಇವ್ರು ತುದಿ ಮುಟ್ಟೋದ್ರೊಳಗೆ ಅವ್ನು ಬಂದೂಕು ಹಿಡ್ದಿರ್ತಾನೆ. ಅದಕ್ಕೇ ಶೆಲ್ ಬೀಳೋ ಜಾಗದ ಹತ್ರ ಹತ್ರಕ್ಕೇ ಹೋಗ್ತಾರೆ. ಅವತ್ತು ಒಂದು ಶೆಲ್ಲು ಈಚೆಗೆ ಬಿತ್ತು."

"ಹಿಂಗಾಗ್ಬೋದು ಅಂತ ಅವನಿಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿರ್ತದೆ ಅಕ್ಕಾ. ಗೊತ್ತಿದ್ದೇ ಹತ್ತೋದು. ಮಿಕ್ಕೋರು ಅವತ್ತು ತುದಿ ಮುಟ್ಟಿದ್ರು."

ಅವನ ಕೆನ್ನೆಗೆ ಬಾರಿಸಬೇಕೆಂದು ಅವಳ ಕೈ ಮೇಲೆದ್ದಿತ್ತು. ಅವನು ಹಿಂದೆ ಸರಿಯಲಿಲ್ಲ. ಕೈ ತಾನಾಗಿ ಇಳಿಯಿತು.

"ಇದನ್ನ ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಹೆಣದ ಜೊತೆ ಬಂದ ಆಫೀಸರು ನಿಮ್ಮ ಬಾವನೋರಿಗೆ ಹೇಳಿದ್ರಂತೆ. ಅವ್ರು ನಿಮ್ಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ."

ಅವಳು ಅಲ್ಲಿಂದ ನೇರ ಬಸ್ ನಿಲ್ದಾಣಕ್ಕೆ ನಡೆದಳು. ಗಂಡನ ಅಣ್ಣ ಜಯರಾಮಯ್ಯ ಬಿಳಿ ಪಂಚೆಯುಟ್ಟು, ಕಲ್ಲಿಗೆ ಹೊದಿಸಿದ್ದ ಬಟ್ಟೆಯ ಮಡಿಕೆ ಸರಿಮಾಡುತ್ತಿದ್ದ. ಕುರ್ಚಿಗಳು ಆಗಲೇ ತುಂಬಿದ್ದವು. ಯಾರನ್ನೂ ಕೇಳದೆ ಅವಳು ಬಟ್ಟೆಯನ್ನು ಎಳೆದು ಕೆಳಕ್ಕೆ ಹಾಕಿದಳು. ಅಕ್ಷರವೆಲ್ಲ ತಮಿಳು, ಅವಳಿಗೆ ಓದಲು ಬಾರದು.

"ಏನು ಬರೆಸಿದೀರಿ, ಓದಿ ಬಾವಾ."

"ಇದೇನಮ್ಮಾ ಇದು? ಅತಿಥಿಗಳು ಬರೋ ಹೊತ್ತು..."

"ಓದಿ."

ಅವನು ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿ ಓದಿದ. ಶತ್ರುವಿನ ಗುಂಡಿಗೆ ಎದೆಯೊಡ್ಡಿ ಮಡಿದ ವೀರ.

"ಆಫೀಸರು ನಿಮ್ಗೆ ಹಿಂಗೇ ಹೇಳಿದ್ರಾ?"

ಜಯರಾಮಯ್ಯನ ಮುಖ ಕಪ್ಪಿಟ್ಟಿತು. "ನಮ್ಮೋರ ಶೆಲ್ಲಿಗೇ ಸತ್ತ ಅಂದ್ರೆ ಜನ ವೀರ ಅಂತಾರೇನಮ್ಮಾ? ಮನೆ ಮರ್ಯಾದೆ ನೋಡ್ಬೇಕಲ್ಲ. ನಿನಗೂ ಸಂಕಟ ಬ್ಯಾಡ ಅಂತ ಸುಮ್ಕಿದ್ದೆ."

ಜನರ ನಡುವೆ ಗುಜುಗುಜು ಎದ್ದಿತು. ಅವಳ ಹಿಂದೆಯೇ ಬಂದು ನಿಂತಿದ್ದ ಲಕ್ಷ್ಮಣಪ್ಪನ ಕಡೆ ಒಬ್ಬ ಬೆರಳು ತೋರಿಸಿದ. "ಹಾರಿಸ್ದೋನು ಇವ್ನೇ ಕಣ್ಲಾ! ಹಿಂದೆ ಕೂತ್ಕೊಂಡು ನಮ್ಮ ಹುಡುಗನ್ನೇ ಕೊಂದ್ಬುಟ್ಟು ಬಂದವ್ನೆ."

ಮುನಿರತ್ನಮ್ಮ ಗಕ್ಕನೆ ತಿರುಗಿದಳು.

"ಬಾಯ್ ಮುಚ್ಚು! ಇವ್ರು ಹಾರಿಸ್ದೆ ಇದ್ದಿದ್ರೆ ಅಲ್ಲಿ ಹತ್ತಿದೋರು ಒಬ್ರೂ ತಿರುಗಿ ಬರ್ತಿರಲಿಲ್ಲ. ಇವ್ನು ಕೇಳಿದ ತಕ್ಷಣ ನಿಜ ಹೇಳ್ದ. ನನ್ನ ಮಗ ಬೆಂಕಿ ಬೀಳೋ ಜಾಗಕ್ಕೆ ತಿಳಿದೂ ತಿಳಿದೂ ನಡ್ಕೊಂಡು ಹೋದ. ನಿಮ್ಗೆ ಅದನ್ನ ಬಾಯಲ್ಲಿ ಹೇಳೋಕೂ ನಾಚ್ಕೆ, ಅಲ್ವಾ?"

ಕೃಷ್ಣಗಿರಿಯ ಬಸ್ಸೊಂದು ಬಂದು ನಿಂತು, ಇಳಿದವರೂ ಅಲ್ಲೇ ನಿಂತರು. ಜಯರಾಮಯ್ಯ ಬಟ್ಟೆ ಎತ್ತಿಕೊಂಡು ಹತ್ತಿರ ಬಂದ.

"ಆಗಿದ್ದು ಆಯ್ತಮ್ಮಾ. ಆ ಸಾಲು ಕೆತ್ತಿ ತೆಗೆಸ್ತೀನಿ. ಕಲ್ಲಿನ ಮಾತು ತಾನೇ, ತಿದ್ಬೋದು."

"ಕಲ್ಲು ತಿದ್ತೀರಿ," ಎಂದಳು ಮುನಿರತ್ನಮ್ಮ. "ನನ್ನ ಮಗನ್ನ ಕೊಂದ ಕೈ ಹುಳಾ ಬಿದ್ದು ಹೋಗ್ಲಿ, ಅವರವ್ವನ ಹೊಟ್ಟೆ ಉರೀಲಿ ಅಂತ ಒಂದು ವರ್ಷ ದಿನಾ ದೀಪ ಹಚ್ಚಿ ಶಾಪ ಹಾಕಿದೀನಿ ಬಾವಾ. ನಮ್ಮೋರಲ್ಲೇ ಯಾವ ತಾಯಿಗೆ ಹೋಗಿ ತಟ್ಟಿದ್ಯೋ ಅದು? ಅದನ್ನ ಹೆಂಗೆ ತಿದ್ತೀರಿ?"