ಹನ್ನೆರಡನೆಯ ಅಣಬೆ

ಬುಟ್ಟಿ ಮೇಜಿನ ಮೇಲೆ ಬೋರಲಾದಾಗ ಪರೀಕ್ಷಕ ಅಣಬೆ ನೋಡಲಿಲ್ಲ, ತಂದವನ ಅಂಗಿಯ ಗುಂಡಿ ನೋಡಿದ. ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹಾಕಿದ ಹೊಲಿಗೆ. ಆ ಕೈ ಅವನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದಿನವರೆಗೆ ಅದು ಅವನ ಹೆಂಡತಿಯ ಕೈ. ಈಗ ಎದುರು ನಿಂತಿರುವ ಈ ಬಡಗಿಯ ಹೆಂಡತಿಯ ಕೈ.

ಕಾಡಿನಲ್ಲಿ ಕಿತ್ತ ಅಣಬೆಯನ್ನು ಒಲೆಗೆ ಹಾಕುವ ಮೊದಲು ನಗರಸಭೆಯ ಈ ಕೋಣೆಯಲ್ಲಿ ತೋರಿಸಬೇಕು. ಇಪ್ಪತ್ತು ವರ್ಷದಲ್ಲಿ ತಿನ್ನಬಹುದೆಂಬ ಅವನ ಮುದ್ರೆಯ ಚೀಟಿ ನಂಬಿ ತಿಂದ ಯಾರಿಗೂ ಹೊಟ್ಟೆನೋವು ಬಂದದ್ದಿಲ್ಲ.

"ಎಷ್ಟು ಜನ ತಿನ್ನೋದು?" ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದ.

"ನಾನೊಬ್ಬನೇ ಸಾರ್. ಅವಳಿಗೆ ಅಣಬೆ ಆಗಲ್ಲ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಹುಣ್ಣಿಗೆ ಉಪ್ಪು ಸವರಿದ ಹಾಗಾಯಿತು.

ಹನ್ನೊಂದು ಒಳ್ಳೆಯವು. ಎಲ್ಲ ಒಂದೇ ಕುಲದವು. ಬುಡದಲ್ಲಿ ಬಟ್ಟಲು, ಕೊಡೆಯಡಿ ನಸುಗೆಂಪು ಪದರ, ತಿನ್ನಲು ರುಚಿ. ಹನ್ನೆರಡನೆಯದಕ್ಕೂ ಬಟ್ಟಲಿತ್ತು, ಪದರ ಮಾತ್ರ ಅಚ್ಚ ಬಿಳಿ. ಕುಲವೇ ಬೇರೆ. ಅದೊಂದೇ ಸಾಕು, ವಾರದೊಳಗೆ ಆಳು ಮುಗಿದ. ಉಳಿದವಕ್ಕೆ ಕೆಂಪು ಮಣ್ಣು ಮೆತ್ತಿತ್ತು, ಇದಕ್ಕೆ ಕಪ್ಪು. ಸಿಕ್ಕಸಿಕ್ಕಲ್ಲಿ ಕಿತ್ತಿದ್ದಾನೆ ಮುಠ್ಠಾಳ, ಎಂದುಕೊಂಡ.

ಬಡಗಿ ಅಣಬೆಗಳ ಕಡೆ ನೋಡುತ್ತಿರಲಿಲ್ಲ. ಪರೀಕ್ಷಕನ ಬೆರಳುಗಳನ್ನೇ ನೋಡುತ್ತಿದ್ದ.

"ಹೇಗಿದಾಳೆ?" ಪರೀಕ್ಷಕ ಕೇಳಿದ.

"ಚೆನ್ನಾಗಿದಾಳೆ. ಆಗಾಗ ನಿಮ್ಮ ಮಾತು ಬರುತ್ತೆ."

"ಬೈಯೋಕಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು."

ಪರೀಕ್ಷಕ ಹನ್ನೆರಡನೆಯದನ್ನೂ ಮೆಲ್ಲಗೆ ಹನ್ನೊಂದರ ಜೊತೆಗೆ ಸರಿಸಿದ. ಮುದ್ರೆ ಎತ್ತಿಕೊಂಡ. ಇಪ್ಪತ್ತು ವರ್ಷದಲ್ಲಿ ಒಂದು ತಪ್ಪಾದರೆ, ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ಊರೇ ಸಮಾಧಾನ ಹೇಳುತ್ತದೆ. ಆ ಮನೆಯಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ. ಗುಂಡಿ ಕಿತ್ತುಬಂದ ಅಂಗಿಗಳು ತನ್ನ ಬಳಿ ಐದಿವೆ.

ಮುದ್ರೆ ಚೀಟಿಯ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು.

ಅದನ್ನು ಬದಿಗಿಟ್ಟು, ಬಿಳಿ ಪದರದ್ದನ್ನು ಎತ್ತಿ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಬೆವರು ಒರೆಸಿಕೊಂಡ.

"ಅದು ಯಮ ಕಣ್ರೀ. ಚೂರು ತಾಗಿರಬಹುದು, ಉಳಿದವನ್ನೂ ಕೊಡಲ್ಲ. ಕೈ ತೊಳ್ಕೊಂಡು ಹೋಗಿ."

ಸಾವಿನ ಬಾಯಿಂದ ಪಾರಾದವನ ಮುಖ ಅರಳಬೇಕಿತ್ತು. ಬಡಗಿಯ ಮುಖ ಇಳಿಯಿತು.

"ಅದನ್ನ ಬೇಕಂತಲೇ ಹುಡುಕಿ ತಂದು ಹಾಕಿದ್ದು ನಾನೇ ಸಾರ್," ಎಂದ. "'ಅವರ ಕೈಯಿಂದ ಶತ್ರುಗೂ ವಿಷ ಹೋಗಲ್ಲ' ಅಂತ ಮೂರು ವರ್ಷದಿಂದ ಹೇಳ್ತಾನೇ ಇದಾಳೆ, ಒಂದು ಸಲನಾದ್ರೂ ಅವಳ ಮಾತು ಸುಳ್ಳಾಗಲಿ ಅಂತ."