ಜಂಟಿ ಅಧಿವೇಶನದ ಮರುದಿನ

ಗುಂಡಣ್ಣ ಪೇಪರನ್ನು ಮಡಿಸಿ, ಸುದ್ದಿ ಮೇಲೆ ಕಾಣುವಂತೆ, ಬೀಗರಾಗಲಿರುವ ವಕೀಲ ವೆಂಕೋಬರಾಯರ ಕಾಫಿ ಲೋಟದ ಪಕ್ಕಕ್ಕೆ ಸರಿಸಿದ. ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ವರದಕ್ಷಿಣೆ ನಿಷೇಧದ ಮಸೂದೆಯ ಮೇಲೆ ಲೋಕಸಭೆಗೂ ರಾಜ್ಯಸಭೆಗೂ ಹೊಂದಾಣಿಕೆಯಾಗದೆ, ನಿನ್ನೆ ಎರಡೂ ಒಟ್ಟಿಗೆ ಕೂತು ಅದನ್ನು ಪಾಸು ಮಾಡಿದ್ದವು. ಇನ್ನು ಸ್ಕೂಟರಿನ ಮಾತು, ಬೆಳ್ಳಿ ಸಾಮಾನಿನ ಮಾತು ಎತ್ತಲು ಇವರಿಗೆ ನಾಚಿಕೆಯಾದರೂ ಆದೀತು ಎಂದುಕೊಂಡು, ಜಯನಗರದ ತನ್ನ ಪುಟ್ಟ ಹಜಾರದಲ್ಲಿ ಅವನು ಕಾದು ಕೂತ.

ರಾಯರು ಕನ್ನಡಕ ಏರಿಸಿ ಒಂದಕ್ಷರ ಬಿಡದೆ ಓದಿದರು.

"ತೋರಿಸಿದ್ದು ಒಳ್ಳೇದೇ ಆಯ್ತು ಗುಂಡಣ್ಣನವರೇ. ಸಭೆ ಒಪ್ಪಿದ ಮಾತ್ರಕ್ಕೆ ಕಾನೂನಾಗಲ್ಲ. ರಾಷ್ಟ್ರಪತಿಗಳು ಸಹಿ ಹಾಕ್ಬೇಕು, ಜಾರಿಯಾಗೋ ದಿನ ಗೆಜೆಟ್ಟಲ್ಲಿ ಬರ್ಬೇಕು. ಅಲ್ಲೀವರೆಗೂ ಕೊಟ್ಟಿದ್ದು ತಗೊಂಡಿದ್ದು ಯಾರೂ ಕೇಳೋ ಹಾಗಿಲ್ಲ." ಪೇಪರನ್ನು ನೆಲಕ್ಕಿಟ್ಟು ಕೈ ಚಾಚಿದರು. "ಪಂಚಾಂಗ ಕೊಡಿ. ಮಾಘಮಾಸದವರೆಗೆ ಕಾಯೋದು ಬೇಡ, ಹತ್ತಿರದ ಮುಹೂರ್ತದಲ್ಲೇ ಮುಗಿಸಿಬಿಡೋಣ."

ಒಳಬಾಗಿಲಲ್ಲಿ ನಿಂತಿದ್ದ ಮಗಳು ವಾರಿಜಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಗುಂಡಣ್ಣ ಎದ್ದ. ಅವಳ ಕಡೆ ತಿರುಗದೆ, ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆದು, ತಾನೇ ಆ ತಿಂಗಳ ಪುಟ ಬಿಡಿಸಿ ಕೊಟ್ಟ.