ಸರ್ಕಲ್ಲಿಗಿಟ್ಟ ಹೆಸರು

"ಚಿಕ್ಕವೀರಯ್ಯ ಸರ್ಕಲ್! ಯಾರ್ರೀ ಇಳಿಯೋರು?"

ಕಂಡಕ್ಟರ್ ಬಾಯಲ್ಲಿ ತಮ್ಮದೇ ಹೆಸರು ಕೇಳಿ ನಿವೃತ್ತ ಇಂಜಿನಿಯರ್ ಎದ್ದು ನಿಂತರು. ಆ ನಾಲ್ಕು ರಸ್ತೆ ಕೂಡುವ ಜಾಗದ ನಕ್ಷೆ ಬರೆದವರು ಅವರೇ. ಗಾಡಿಗಳು ನಿಲ್ಲದೆ ಓಡಲೆಂದು ರಸ್ತೆಯ ಹಂಪುಗಳನ್ನು ತೆಗೆಸಿದವರೂ ಅವರೇ. ಊರಿನವರು ಇಷ್ಟು ದೊಡ್ಡ ಗೌರವ ಕೊಟ್ಟಿದ್ದಾರೆಂದು ಅವರಿಗೆ ನಾಚಿಕೆಯೇ ಆಯಿತು.

ಏನೂ ಅರಿಯದವರಂತೆ ಪಕ್ಕದ ಸೀಟಿನ ಹೂವಿನ ಹೆಂಗಸನ್ನು ಕೇಳಿದರು. "ಯಾರಮ್ಮ ಈ ಚಿಕ್ಕವೀರಯ್ಯ?"

"ಈ ಸರ್ಕಲ್ ಪ್ಲಾನ್ ಹಾಕಿದ ಇಂಜಿನಿಯರ್ರು, ಯಜಮಾನ್ರೇ."

"ಅವರ ಮೇಲೆ ಅಷ್ಟು ಅಭಿಮಾನವಾ?"

"ಅಯ್ಯೋ, ಇಲ್ಲಿ ಗಾಡಿಗೆ ಸಿಕ್ಕಿ ಸತ್ತೋರ ಹೆಸರಿಡಾಣ ಅಂದ್ಕೊಂಡ್ವಿ. ಹದಿನೇಳು ಜನ ಆಗೋದ್ರು, ಯಾರ್ದೂಂತ ಇಡೋದು? ಅದ್ಕೇ ಸಾಯ್ಸಿದೋನ ಹೆಸರೇ ಇಟ್ವಿ. ನಿಮ್ಮ ಹೆಸರೇನು?"

ಅವರು ಮತ್ತೆ ಕುಳಿತು, ಮುಂದಿನ ಸ್ಟಾಪಿಗೆ ಟಿಕೆಟ್ ಕೇಳಿದರು.